ಭೂರಿಯೊನನ್ನು ಗದರಿಸಿದ್ದು

ನವೆಂಬರ್ 9, ಸಂಜೆ

ಹಾಲು ಕರೆದಾಯಿತು. ಇವರು ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ತಾಲಾಲಾ ಪೇಟೆಗೆ ಹೋದರು. ಮುಳ್ಳುಬೇಲಿಯಾಚೆ ಭೂರಿಯೊ ಮತ್ತೆ ಬಂದು ಕೂತಿದ್ದಾನೆ. ಎಮ್ಮೆಗಳು ಅವನತ್ತ ತಿರುಗಿ ನೋಡುವುದನ್ನೂ ಬಿಟ್ಟಿವೆ. ಇಷ್ಟು ಅವಮಾನ ಯಾವ ಸಿಂಹಕ್ಕೂ ಬೇಡ.

ತಪ್ಪು ಮಾವನವರದು. ಸತ್ತು ಹುಟ್ಟಿದ ಕರುವನ್ನು ಹಳ್ಳದಾಚೆ ಎಳೆದು ಹಾಕುವುದು ನಮ್ಮ ಪದ್ಧತಿ. ಈ ಸಲ ಬೇಲಿಯ ಹತ್ತಿರವೇ ಬಿಟ್ಟರು. ಭೂರಿಯೊ ಮುದುಕ, ಅಷ್ಟು ದೂರ ಹೇಗೆ ನಡೆದಾನು ಅಂದರಂತೆ. ಮುದುಕ ರುಚಿ ಕಂಡುಕೊಂಡ. ಈಗ ದಿನಾ ಹಾಜರಿ.

ನವೆಂಬರ್ 11

ನಾನು ಮದುವೆಯಾಗಿ ಈ ಹಟ್ಟಿಗೆ ಬಂದ ವರ್ಷವೇ ಭೂರಿಯೊನೂ ಬಂದದ್ದು, ತನ್ನ ಅಣ್ಣನ ಜೊತೆ. ಹಳೆಯ ಗಂಡುಸಿಂಹವನ್ನು ಓಡಿಸಿ ಹಳ್ಳ, ಗುಡ್ಡ ಎಲ್ಲ ತಮ್ಮದು ಮಾಡಿಕೊಂಡರು. ಮೊದಲ ಸಲ ಗರ್ಜನೆ ಕೇಳಿ ಗೋಣಿಚೀಲಗಳ ಹಿಂದೆ ಅಡಗಿದ್ದೆ. ಅತ್ತೆ ನಕ್ಕು ನಕ್ಕು ಸುಸ್ತಾಗಿದ್ದರು. ಅಣ್ಣ ಯಾರದೋ ತೋಟದ ತೆರೆದ ಬಾವಿಗೆ ಬಿದ್ದು ಸತ್ತ. ಆಮೇಲೆ ಭೂರಿಯೊ ಒಬ್ಬನೇ ಕೂಗುತ್ತಿದ್ದ. ಕೂಗಿ ಸುಮ್ಮನಾಗಿ, ಉತ್ತರಕ್ಕೆ ಕಾಯುತ್ತಿದ್ದ.

ಹೋದ ಮಳೆಗಾಲದಲ್ಲಿ ಎಳೆಯ ಗಂಡುಗಳೆರಡು ಸೇರಿ ಅವನನ್ನೇ ಓಡಿಸಿದವು. ತೊಡೆಯ ಗಾಯ ಒಣಗಿದೆ, ಕುಂಟು ಹೋಗಿಲ್ಲ. ಕೇಸರ ಹಳೇ ಪೊರಕೆ ಹಾಗಾಗಿದೆ. ಹಲ್ಲು ಎಷ್ಟು ಉಳಿದಿವೆಯೋ...

ನವೆಂಬರ್ 14

ರೇಂಜರ್ ಸಾಹೇಬರು ಬಂದಿದ್ದರು. ಜೊತೆಗೆ ಟ್ರ್ಯಾಕರ್ ಯೂನುಸ್‌ಭಾಯಿ. ಪಕ್ಕದ ಹಟ್ಟಿಯ ಹುಡುಗಿಗೆ ನೀರಿನ ದಾರಿಯಲ್ಲಿ ಭೂರಿಯೊ ಎದುರಾದನಂತೆ. ಸೋಮವಾರದವರೆಗೆ ನೋಡುತ್ತಾರೆ. ಆಗಲೂ ಬೇಲಿ ಬಿಟ್ಟು ಕದಲದಿದ್ದರೆ ಬೋನು. ಆಮೇಲೆ ಜೀವ ಇರುವ ತನಕ ಸರಳುಗಳ ಹಿಂದೆ. ಅಲ್ಲಿ ಊಟ, ಔಷಧಿ, ನೆರಳು ಎಲ್ಲ ಇದೆ ಎಂದು ಸಾಹೇಬರು ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ.

ಮಾವ ಕೇಳಿದ್ದು ಒಂದೇ. "ಬಾಗಿಲು ಹಾಕಿದ ಜಾಗದಲ್ಲಿ ಅವ್ನು ಯಾವತ್ತಾದ್ರೂ ಮಲಗಿದಾನಾ ಸಾಹೇಬ್ರೇ?"

ಯೂನುಸ್‌ಭಾಯಿ ಹೋಗುವಾಗ ಮೆಲ್ಲಗೆ ಹೇಳಿದ: ಗದರಿಸಿ ಓಡಿಸಿ, ಇನ್ನೂ ಕಾಲ ಮಿಂಚಿಲ್ಲ. ಮಾವ ಕೋಲು ಹಿಡಿದು ಬೇಲಿಯವರೆಗೆ ಹೋದರು. ಸುಮ್ಮನೆ ನಿಂತರು. ವಾಪಸು ಬಂದರು. "ಬಯ್ಯೋಕೆ ಬಾಯೇ ಬರ್ಲಿಲ್ಲ ಕಣೆ" ಎಂದು ಅತ್ತೆಯ ಹತ್ತಿರ ಹೇಳುತ್ತಿದ್ದರು.

ನವೆಂಬರ್ 15

ಬರೆದೇ ಬಿಡುತ್ತೇನೆ.

ನಮ್ಮ ರಬಾರಿಗಳಲ್ಲಿ ಸೊಸೆ ಮಾವನಿಗೆ ಮುಖ ತೋರಿಸುವುದಿಲ್ಲ, ದನಿ ಕೇಳಿಸುವುದಿಲ್ಲ. ಇಷ್ಟು ವರ್ಷ ನಾನೂ ಕೇಳಿಸಿಲ್ಲ. ಅವರಿಗೆ ನೀರು ಬೇಕಾದರೆ ಎಮ್ಮೆಗೆ ಹೇಳುತ್ತಾರೆ — "ಈ ಮನೇಲಿ ಯಾರಿಗಾದ್ರೂ ನನಗೆ ನೀರು ಕೊಡೋ ಮನಸ್ಸಿದ್ಯಾ ಕೇಳೇ." ನಾನು ಬಳೆ ಸದ್ದು ಮಾಡಿ ತಂದಿಡುತ್ತೇನೆ. ಎಮ್ಮೆಗೂ ಅಭ್ಯಾಸವಾಗಿದೆ.

ಇವತ್ತು ಸಂಜೆ ಇವರಿರಲಿಲ್ಲ. ಅತ್ತೆಗೆ ಕೆಮ್ಮು, ಗಂಟಲೇ ಇಲ್ಲ. ಮಾವ ಮಂಚದ ಮೇಲೆ, ಬೇಲಿಗೆ ಬೆನ್ನು ಹಾಕಿ. ಭೂರಿಯೊ ಬಂದು ಕೂತ. ಬೋನು ನೆನಪಾಯಿತು. ಏನಾಯಿತೋ, ಸೆರಗು ಎಳೆದುಕೊಂಡು, ಕ್ಯಾನಿನ ಮುಚ್ಚಳ ಬಡಿಯುತ್ತ ನಡೆದೆ. "ಏಯ್, ಏಳೋ ಮೇಲೆ. ನಾಚ್ಕೆ ಆಗಲ್ವಾ? ಕಾಡು ಆಳಿದೋನು ಎಮ್ಮೆ ಬೇಲಿ ಕಾಯ್ತಾ ಕೂತಿದೀಯ. ಹೋಗು ನಿನ್ನ ಜಾಗಕ್ಕೆ. ಹೋಗೋ!"

ಎದ್ದ. ಒಮ್ಮೆ ನೋಡಿದ. ಕುಂಟುತ್ತ ಹೋದ.

ತಿರುಗಿದರೆ ಮಾವ ಎದ್ದು ನಿಂತಿದ್ದಾರೆ.

ನವೆಂಬರ್ 18

ಮರುದಿನವೂ ಬಂದಿದ್ದ. ಮತ್ತೆ ಗದರಿಸಿದೆ. ಆಮೇಲೆ ಬಂದಿಲ್ಲ. ಬೋನಿನ ಗಾಡಿಯೂ ಬರಲಿಲ್ಲ.

ನವೆಂಬರ್ 26

ಭೂರಿಯೊನ ಸುದ್ದಿಯೇ ಇಲ್ಲ. ಮಾವ ಎಮ್ಮೆಯ ಜೊತೆಯೂ ಮಾತಾಡುತ್ತಿಲ್ಲ, ನೀರು ತಾವೇ ಬಗ್ಗಿಸಿಕೊಳ್ಳುತ್ತಾರೆ. ನನ್ನ ಮೇಲೆ ಕೋಪವೋ, ಅವನ ಚಿಂತೆಯೋ. ಹಸಿದ ಮುದುಕನನ್ನು ಎಬ್ಬಿಸಿ ಕಳಿಸಿದೆನಲ್ಲ. ಎಲ್ಲೋ ಹೊಟ್ಟೆಗಿಲ್ಲದೆ ಬಿದ್ದಿದ್ದರೆ...

ನವೆಂಬರ್ 29, ಮಧ್ಯಾಹ್ನ

ಯೂನುಸ್‌ಭಾಯಿ ಬಂದಿದ್ದ. ಭೂರಿಯೊ ತೀರಿಹೋದ. ಮೇಲಿನ ಹಳ್ಳದಲ್ಲಿ, ನೇರಳೆ ಮರದ ಕೆಳಗೆ. ಹಸಿದಿದ್ದನೇ ಎಂದು ಹೊಟ್ಟೆ ಮುಟ್ಟಿ ಸನ್ನೆ ಮಾಡಿದೆ. ಯೂನುಸ್‌ಭಾಯಿಗೆ ಅರ್ಥವಾಯಿತು.

"ಹೊಟ್ಟೆ ತುಂಬಾ ಜಿಂಕೆ ಮಾಂಸ ಇತ್ತು ತಂಗಿ, ಡಾಕ್ಟ್ರೇ ನೋಡಿದ್ರು. ಹತ್ರದಲ್ಲೇ ಬೇಟೆ ಬಿದ್ದಿತ್ತು. ಸುತ್ತ ಅವನೊಬ್ಬನದೇ ಹೆಜ್ಜೆ. ತಿಂದು, ನೀರು ಕುಡಿದು ಮಲಗಿದಾನೆ. ವಯಸ್ಸಾಗಿತ್ತು, ಏಳಲಿಲ್ಲ."

ಅತ್ತೆ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು, ಆದರೆ ದುಃಖಕ್ಕಲ್ಲ. ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು. ಬೇಟೆಯಾಡಿಯೇ ಹೋದ. ಬೋನಿಲ್ಲ, ಬಾಗಿಲಿಲ್ಲ.

ಮಾವ ಎದ್ದು ಬಂದು ನನ್ನ ಎದುರಿಗೇ ನಿಂತರು. ನಡುವೆ ಎಮ್ಮೆ ಇರಲಿಲ್ಲ, ಗೋಡೆ ಇರಲಿಲ್ಲ. "ನಾನು ಸಾಕೋಕೆ ಹೋಗಿ ಅವನ್ನ ಭಿಕ್ಷುಕನ್ನ ಮಾಡಿದ್ದೆ, ಮಗಳೇ. ನೀನು ಬೈದು ಮತ್ತೆ ಸಿಂಹ ಮಾಡ್ದೆ."

ತಲೆ ತಗ್ಗಿಸಿ ಒಳಗೆ ಬಂದುಬಿಟ್ಟೆ. ಉತ್ತರ ಕೊಡಬಹುದಿತ್ತು. ಕೊಡಬಾರದೇ? ಯಾರನ್ನು ಕೇಳುವುದು...

ಅಂಗಳದಿಂದ ಕರೆಯುತ್ತಿದ್ದಾರೆ. ಮೋಂಘಿ, ಮಗಳೇ, ಒಂದು ಲೋಟ ನೀರು ಅಂತ. ನನ್ನ ಹೆಸರು ಅವರ ಬಾಯಲ್ಲಿ ಎಷ್ಟು —

"ಬಂದೆ ಮಾವ" ಅಂತ ಕೂಗಿದೆ, ಜೋರಾಗಿಯೇ. ಅತ್ತೆ ಬೆಚ್ಚಿಬಿದ್ದು ನನ್ನನ್ನೇ ನೋಡುತ್ತಿದ್ದಾರೆ. ನೀರು ಕೊಟ್ಟು ಬರುತ್ತೇನೆ.