ಉಳಿದ ಒಂದು ಅರವತ್ತು

ಮಾರ್ಚ್ ೧೨, ಗುರುವಾರ.

ಗೆದ್ದೆ! ಹಿಂದಿನ ಜನಗಣತಿಯಲ್ಲಿ ನಮ್ಮ ಬೀದಿಯ ಹಿರಿಯರಿಗೆಲ್ಲ ಒಂದೋ ಐವತ್ತು, ಇಲ್ಲ ಅರವತ್ತು. ನಡುವೆ ಯಾರೂ ಹುಟ್ಟಿಯೇ ಇಲ್ಲ! ಈ ಸಲ ನಾನು ಬರೀ ವಯಸ್ಸು ಕೇಳಿ ಎದ್ದು ಬರಲಿಲ್ಲ. ಎಷ್ಟನೇ ವಯಸ್ಸಿಗೆ ಮೊದಲ ಮಗು, ಆ ಮಗುವಿಗೆ ಈಗೆಷ್ಟು ಎಂದು ಕೇಳಿ ಕೂಡಿಸಿದೆ. “ಗಣತಿಗೆ ಹೋಗ್ತೀರೋ, ಹರಟೆಗೋ?” ಎನ್ನುತ್ತಿದ್ದ ಮೇಲ್ವಿಚಾರಕರು ಇವತ್ತು ಮರುತಪಾಸಣೆ ಮುಗಿಸಿ, ಎಲ್ಲರೆದುರು, “ಇನ್ಮೇಲೆ ಎಲ್ರೂ ಈ ಹರಟೆಮಲ್ಲಿ ಥರಾನೇ ಕೇಳಿ” ಎಂದರು. ಆಮೇಲೆ ಮೆಲ್ಲಗೆ, “ಉಳಿದಿರೋ ಈ ಒಂದು ಅರವತ್ತು ಯಾರದಮ್ಮ?”

ನಮ್ಮಮ್ಮನದು! ಕೇಳದೇ ಬರೆದಿದ್ದೆ.

ಊಟಕ್ಕೆ ಕೂತಾಗ ಅಮ್ಮನ ವಯಸ್ಸು ಕೇಳಿದೆ. “ನಾನು ಹುಟ್ಟಿದ್ದನ್ನ ನಾನೇ ನಿಂತು ನೋಡಿದ್ನಾ?” ಎಂದಳು. ನನ್ನನ್ನು ಹೆತ್ತಾಗ ಎಷ್ಟಿತ್ತೆಂದು ಕೇಳಿ, ನನ್ನ ವಯಸ್ಸು ಕೂಡಿಸಿದರೆ ಅರವತ್ತಮೂರು. “ಹಂಗಾದ್ರೆ ಮೂರು ವರ್ಷ ಬಿಟ್ಟಿ ಬದುಕಿದೆ ಅನ್ನು!” ಎಂದು ಚಪ್ಪಾಳೆ ತಟ್ಟಿದಳು.

ಮನೆ ಗೆದ್ದು ಮಾರು ಗೆಲ್ಲಬೇಕಂತೆ. ನಾನು ಮಾರು ಗೆದ್ದು ಮನೆಗೆ ಬಂದೆ.