ಸುರಂಗದಲ್ಲಿ ಸಿಕ್ಕ ಮುಚ್ಚಳ

ನೆಲದಡಿಯ ಕಣವೇಗವರ್ಧಕ ಯಂತ್ರವನ್ನು ಬಿಚ್ಚಿಸುತ್ತಿರುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಸುರಂಗದಲ್ಲಿ ಸಿಕ್ಕಿದ್ದು ‘ಅಪರಿಚಿತ ಲಿಪಿಯ ಲೋಹದ ತುಂಡು’ ಅಲ್ಲ. ಅದು ನನ್ನ ಹೆಂಡತಿ ದ್ಯಾಮಮ್ಮನ ಊಟದ ಡಬ್ಬಿಯ ಮುಚ್ಚಳ. ಲಿಪಿ ಕನ್ನಡ. ಅದನ್ನು ತಾವು ವಿಕಿರಣದ ಕಸದ ಜೊತೆ ಕಾಂಕ್ರೀಟಿನಲ್ಲಿ ಶಾಶ್ವತವಾಗಿ ಹೂಳಲಿದ್ದೀರಿ ಎಂದು ಮೊನ್ನೆ ಪತ್ರಿಕೆಯ ಕೊನೆಯ ಪುಟದಲ್ಲಿ ಫೋಟೊ ಸಮೇತ ಬಂದಿದೆ. ಇದಕ್ಕೆ ನನ್ನ ತಕರಾರಿದೆ.

1987ರಲ್ಲಿ ಕಾರ್ಖಾನೆಗೆ ರಜೆ ಹಾಕಿ, ಗುತ್ತಿಗೆದಾರರೊಬ್ಬರ ಮೂಲಕ ಭದ್ರಾವತಿಯ ಆರು ಜನ ಫಿಟ್ಟರುಗಳು ತಮ್ಮ ದೇಶಕ್ಕೆ ಬಂದಿದ್ದೆವು. ನೆಲದಿಂದ ನೂರು ಮೀಟರ್ ಕೆಳಗೆ, ಮೈಲುಗಟ್ಟಲೆ ಸುತ್ತುವ ಸುರಂಗದಲ್ಲಿ ಸಾಲಾಗಿ ಕಾಂತಗಳನ್ನು ಕೂರಿಸುವ ಕೆಲಸ. ಅವುಗಳ ನಡುವೆ ಕಣಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತವಂತೆ, ಕಾಂತ ಕೂದಲೆಳೆಯಷ್ಟು ಓರೆಯಾದರೂ ದಾರಿ ತಪ್ಪುತ್ತವಂತೆ. 212ನೇ ಕಾಂತದ ಒಂದು ಕಾಲು ಅರ್ಧ ಮಿಲಿಮೀಟರ್ ತಗ್ಗಿತ್ತು. ಅದರಡಿಗೆ ಇಡುವ ತೆಳು ತಗಡು ಮುಗಿದಿದೆ, ಅರ್ಜಿ ಕೊಟ್ಟರೆ ಸೋಮವಾರ ಬರುತ್ತದೆ ಎಂದು ತಮ್ಮ ಸ್ಟೋರಿನವರು ಹೇಳಿದರು. ಅವತ್ತು ಬುಧವಾರ. ಭದ್ರಾವತಿಯ ಫಿಟ್ಟರ್ ಸ್ಟೋರಿಗಾಗಿ ಕಾದದ್ದುಂಟೇ? ಕೈಗೆ ಸಿಕ್ಕಿದ್ದನ್ನು ಕತ್ತರಿಸಿ ಇಟ್ಟು ಯಂತ್ರವನ್ನು ಮಟ್ಟಕ್ಕೆ ತರುವುದೇ ನಾವು ಕಲಿತ ವಿದ್ಯೆ. ನನ್ನ ಕೈಗೆ ಸಿಕ್ಕಿದ್ದು ಮನೆಯಿಂದ ಒಯ್ದಿದ್ದ ಡಬ್ಬಿ. ಮುಚ್ಚಳದ ದಪ್ಪ ಅಳೆದೆ, ಸರಿಯಾಗಿ ಅರ್ಧ ಮಿಲಿಮೀಟರ್. ಚಪ್ಪಟೆಯಾಗಿದ್ದದ್ದು ನಡುಭಾಗ ಮಾತ್ರ, ಪಾತ್ರೆ ಅಂಗಡಿಯವನು ದ್ಯಾಮಮ್ಮನ ಹೆಸರು ಕೊರೆದದ್ದೂ ಅಲ್ಲೇ. ಕತ್ತರಿಸಿ ಇಟ್ಟೆ. ತಮ್ಮ ಇಂಜಿನಿಯರ್ ಅಳತೆ ನೋಡಿ ನನ್ನ ಬೆನ್ನು ತಟ್ಟಿದರು. ಹನ್ನೊಂದು ವರ್ಷ ಯಂತ್ರ ಓಡಿತಲ್ಲ, 212ರ ಮೇಲೆ ಒಂದಾದರೂ ದೂರು ಬಂತೇ? ಬಿಚ್ಚುವಾಗ ಮಾತ್ರ ಅದು, ಪತ್ರಿಕೆಯಲ್ಲಿ ತಮ್ಮವರು ಹೇಳಿದಂತೆ, ‘ನಿಯಮಬಾಹಿರ’ ಆಯಿತೇ?

ಮನೆಯಲ್ಲಿ, ಮುಚ್ಚಳ ಮುಂಬಯಿ ರೈಲಿನಲ್ಲಿ ಕಳೆದುಹೋಯಿತು ಎಂದಿದ್ದೆ. ದ್ಯಾಮಮ್ಮ ನಂಬಲಿಲ್ಲ. ನಾನು ನಿವೃತ್ತನಾಗುವವರೆಗೂ ಆ ಡಬ್ಬಿಗೆ ಸಾಸರ್ ಮುಚ್ಚಿ, ಬಟ್ಟೆ ಕಟ್ಟಿ ಕೊಡುತ್ತಿದ್ದಳು. ಹೊಸದು ತರುತ್ತೇನೆಂದರೆ, “ಮೊದ್ಲು ಹಳೇದು ಎಲ್ಲಿ ಹೋಯ್ತು ಹೇಳಿ” ಎನ್ನುತ್ತಿದ್ದಳು. ಆಕೆಗೆ ಓದಲು ಬರುವುದು ತನ್ನ ಹೆಸರೊಂದೇ. ಮೊನ್ನೆ ಆ ಪತ್ರಿಕೆ ಹಾಸಿಕೊಂಡು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ರೀ, ಇದ್ರಲ್ಲಿ ನನ್ ಹೆಸರಿದೆ.”

ಎಲ್ಲವನ್ನೂ ಹೇಳಿದೆ.

“ಅದ್ರ ಮೇಲೆ ಎಷ್ಟು ಭಾರ ಇತ್ತು?”

“ನಾಲ್ಕು ಟನ್.”

“ಬಗ್ಗಿತ್ತಾ?”

“ಇಲ್ಲ.”

“ಬಗ್ಗಲ್ಲ. ನಮ್ಮಪ್ಪ ಅಂಗ್ಡೀಲಿ ತಟ್ಟಿ ತಟ್ಟಿ ನೋಡಿ ತಂದಿದ್ದು.” ಫೋಟೊದ ಮೇಲೆ ಬಿದ್ದಿದ್ದ ಸೊಪ್ಪು ಸರಿಸಿ, “ಅಷ್ಟು ವರ್ಷ ಹೊತ್ಕೊಂಡು ಕೂತಿದ್ದನ್ನ ಯಾರ್ದು ಅಂತಾನೂ ಕೇಳ್ದೆ ಹೂತ್ಬಿಡ್ತಾರಾ?” ಎಂದಳು.

ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಈ ಪ್ರಶ್ನೆ ಕೇಳಿ ನಾಚಿಕೆಯಾಯಿತು, ಅದಕ್ಕೇ ಈ ಪತ್ರ.

ಮುಚ್ಚಳವನ್ನು ಕಳಿಸಿಕೊಡಿ. ವಿಕಿರಣದ ಭಯ ನಿಜವೇ ಆಗಿದ್ದರೆ ಒತ್ತಾಯವಿಲ್ಲ, ಅಲ್ಲೇ ಹೂಳಿ. ಆದರೆ ಅದಕ್ಕೆ ಮೊದಲು ತಮ್ಮ ದಾಖಲೆಯಲ್ಲಿ ‘ಅಪರಿಚಿತ’ ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ‘ದ್ಯಾಮಮ್ಮ’ ಎಂದು ಬರೆಸಿ, ಆ ಪುಟದ ನಕಲನ್ನು ಕಳಿಸಬೇಕು. ಆಕೆ ಓದಬೇಕಾದ್ದರಿಂದ ಕನ್ನಡದಲ್ಲೇ ಬರೆಸಬೇಕು. ತಮ್ಮವರಿಗೆ ಅಕ್ಷರ ಬಾರದಿದ್ದರೆ ಚಿಂತೆಯಿಲ್ಲ. ಮುಚ್ಚಳ ನೋಡಿಕೊಂಡು ಬರೆಯಲಿ.

ಇಂತಿ,
ಹದಿನಾಲ್ಕು ವರ್ಷ ರೈಲಿನ ಮೇಲೆ ತಪ್ಪು ಹೊರಿಸಿದ
ಹುಲಿಯಪ್ಪ
ನಿವೃತ್ತ ಫಿಟ್ಟರ್, ಜನ್ನಾಪುರ, ಭದ್ರಾವತಿ
ಮಾರ್ಚ್ 2001