ಹದಿಮೂರನೇ ಬೋರ್ಡಿನ ಡ್ರಾ

ಲಡ್ಲೊ, ಶ್ರಾಪ್‌ಶೈರ್
೮ ಜುಲೈ ೨೦೧೯, ಸೋಮವಾರ

ಪ್ರೀತಿಯ ಹೆಸ್ಟರ್,

ನಿನ್ನ ಮೊಣಕೈ ನೋವು ಈಗ ಹೇಗಿದೆ? ಬರ್ಗೆನ್ನಿನ ಆ ಹೊಸ ವೈದ್ಯರು ಹೇಳಿದ ವ್ಯಾಯಾಮವನ್ನು ನೀನು ಮೂರು ದಿನ ಮಾಡಿ ಬಿಟ್ಟಿರುತ್ತೀಯೆ ಎಂದು ನಿನ್ನ ಅಮ್ಮನ ಅನುಮಾನ. ನನ್ನದು ಎರಡು ದಿನ. ನನ್ನ ಮೊಮ್ಮಗ ಎಮಿಲನಿಗೆ ಮುಂದಿನ ಹಲ್ಲುಗಳು ಬಂದವೇ? ನನ್ನ ಮೇರಿಯನ್, ನಿನ್ನ ಅಮ್ಮ, ಚೆನ್ನಾಗಿದ್ದಾಳೆ, ಬಟಾಣಿ ಬಳ್ಳಿಗಳನ್ನು ಪಾರಿವಾಳಗಳಿಂದ ಕಾಯುವ ಕೆಲಸದಲ್ಲಿ ಈ ಬೇಸಿಗೆಯನ್ನು ಕಳೆಯುತ್ತಿದ್ದಾಳೆ. ನನ್ನ ರಕ್ತದೊತ್ತಡ ಹತೋಟಿಯಲ್ಲಿದೆ, ಶನಿವಾರವೊಂದನ್ನು ಬಿಟ್ಟು. ಆ ಶನಿವಾರದ ವಿಷಯವನ್ನು ಬರೆಯಲೆಂದೇ ಕುಳಿತಿದ್ದೇನೆ.

ಭಾನುವಾರಗಳಂದು ನೀನು ಫೋನ್ ಮಾಡಿದಾಗ ನಾನೇ ಎತ್ತಿಕೊಂಡರೆ ನಾವಿಬ್ಬರೂ ನಿನ್ನೂರಿನ ಮಳೆ, ನನ್ನೂರಿನ ಮೋಡ ಇವುಗಳ ಬಗ್ಗೆ ಸೌಜನ್ಯದಿಂದ ಮಾತನಾಡುತ್ತೇವೆ. ಬಳಿಕ ನಾನು 'ಅಮ್ಮನಿಗೆ ಕೊಡ್ತೀನಿ ಇರು' ಎನ್ನುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಹೀಗೇ ನಡೆದಿದೆ. ಎಮಿಲ್ ಶಾಲೆಯಲ್ಲಿ ಚದುರಂಗ ಕಲಿಯುತ್ತಿದ್ದಾನೆಂದೂ, ಅಟ್ಟದ ಮೇಲಿರುವ ನಿನ್ನ ಹಳೆಯ ಮರದ ಕಾಯಿಗಳನ್ನು ಕಳುಹಿಸಬೇಕೆಂದೂ ಹೋದ ತಿಂಗಳು ನೀನು ಕೇಳಿದ್ದು ಕೂಡ ಅಮ್ಮನನ್ನೇ, ನನ್ನನ್ನಲ್ಲ. ಅದರಲ್ಲಿ ನನಗೆ ದೂರಿಲ್ಲ. ಆದರೆ ಪೆಟ್ಟಿಗೆಯನ್ನು ಇಳಿಸಿ ಧೂಳು ಒರೆಸಿದವನು ನಾನು. ನೀನು ಹದಿನೇಳನೆಯ ವಯಸ್ಸಿನಲ್ಲಿ ಸ್ಟಾಫರ್ಡಿನ ಸೆಮಿಫೈನಲ್ ಮುಗಿಸಿ ಬಂದ ಸಂಜೆ ಅದನ್ನು ಮುಚ್ಚಿದ್ದೆ. ಆಮೇಲೆ ತೆರೆಯಲೇ ಇಲ್ಲ. ಆ ದಿನದ ಬಗ್ಗೆ ನಾನು ನಿನಗೆ ಒಂದು ಮಾತು ಬಾಕಿ ಉಳಿಸಿಕೊಂಡಿದ್ದೇನೆ. ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ನನಗಿಲ್ಲ. ಈ ವರ್ಷದ ಪಂದ್ಯಗಳ ದಾರಿಯಲ್ಲಿ ನಡೆದು ಅಲ್ಲಿಗೆ ಬರುತ್ತೇನೆ, ತಾಳ್ಮೆಯಿಂದಿರು.

ನಮ್ಮ ಕೌಂಟಿಯ ಚದುರಂಗ ತಂಡ ಈ ವರ್ಷ ಫೈನಲ್ ತಲುಪಿತು. ನಗಬೇಡ. ಹದಿನಾರು ಮಂದಿಯನ್ನು ಒಂದು ಶನಿವಾರ ಒಂದೇ ಊರಿಗೆ ಕರೆತರುವುದೇ ಕಷ್ಟವಾಗಿರುವ ಈ ಕೌಂಟಿ ಫೈನಲ್ ತಲುಪಿತೆಂದರೆ ನನಗೇ ಇನ್ನೂ ನಂಬಿಕೆಯಿಲ್ಲ. ಡೆಸ್ಮಂಡ್ ಪ್ಯೂ ನೆನಪಿದ್ದಾನಲ್ಲ, ಅಂಚೆ ಕಚೇರಿಯಿಂದ ನಿವೃತ್ತನಾದವನು? ಎಪ್ಪತ್ತೊಂಬತ್ತಾಯಿತು, ಈಗಲೂ ಕೊನೆಯ, ಹದಿನಾರನೇ ಬೋರ್ಡಿನಲ್ಲಿ ಆಡುತ್ತಾನೆ. ಚಹಾದ ದೊಡ್ಡ ಪಾತ್ರೆಯನ್ನು ಬೇರೆ ಯಾರೂ ಮುಟ್ಟಕೂಡದು. ನಾಯಕನಾದ ನನ್ನ ಮೇಜಿನ ಮೇಲೆ ಅವನು ಮಕ್ಕಳು ಲೆಕ್ಕ ಕಲಿಯುವ ಮಣಿಚೌಕಟ್ಟನ್ನು, ಆ ಕೆಂಪು ಹಳದಿ ಮಣಿಗಳ ಆಟಿಕೆಯನ್ನು, ಇಡುವುದನ್ನೂ ಬಿಟ್ಟಿಲ್ಲ. ಸ್ಟಾಫರ್ಡಿನ ಸೋಲಿನ ಮರುವರ್ಷ ವಾರ್ಷಿಕ ಸಭೆಯಲ್ಲಿ ಅದನ್ನು ನನಗೆ ಬಹುಮಾನವಾಗಿ ಕೊಟ್ಟಿದ್ದ. 'ಇತಿಹಾಸದ ಮೇಷ್ಟ್ರು ಪಾಪ, ಇಸವಿ ಬಿಟ್ರೆ ಬೇರೆ ಅಂಕಿ ಕಂಡವರಲ್ಲ' ಎಂದಿದ್ದ. ಸಭೆಯೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ಈ ವರ್ಷದ ಕಥೆ ಟ್ಯಾಮ್ಸಿನ್ ಒಟ್ಲಿ ಎಂಬ ಹುಡುಗಿಯದು. ಹದಿನೈದು ವರ್ಷ. ಅಪ್ಪ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಗ್ರಂಥಾಲಯದಲ್ಲಿ ನಾನು ಗುರುವಾರ ಸಂಜೆ ಮಕ್ಕಳಿಗೆ ಆಟ ಹೇಳಿಕೊಡುತ್ತೇನಲ್ಲ, ಅಲ್ಲಿಗೆ ಆರು ವರ್ಷಗಳ ಹಿಂದೆ ಮಳೆ ತಪ್ಪಿಸಿಕೊಳ್ಳಲು ಒಳಬಂದವಳು ಹೊರಹೋಗಲೇ ಇಲ್ಲ. ಬೋರ್ಡಿನ ಮೇಲೆ ತನ್ನ ಸ್ಥಿತಿ ಚೆನ್ನಾಗಿದ್ದಾಗ ತಿಳಿಯದೆಯೇ ಗುನುಗುತ್ತಾಳೆ. ಎದುರಾಳಿಗಳಿಗೆ ಇದು ಗೊತ್ತಾಗಬಾರದೆಂದು ನಾನು ಬಾಯಲ್ಲಿ ಪುದೀನ ಮಿಠಾಯಿ ಇಟ್ಟುಕೊಳ್ಳಲು ಹೇಳಿದ್ದೇನೆ. ಮಕ್ಕಳಿಗೆ ಕಲಿಸುವವರು ಒಬ್ಬರನ್ನು ಹೆಚ್ಚು ಮೆಚ್ಚಬಾರದೆಂದು ನನಗೆ ಗೊತ್ತು. ಮೆಚ್ಚಿದ್ದೇನೆ.

ಕ್ವಾರ್ಟರ್ ಫೈನಲ್ಲಿನಲ್ಲಿ ಡೆವನ್ ಎದುರು ಎಂಟಕ್ಕೆ ಎಂಟು ಆಯಿತು. ಹಾಗೆ ಸಮವಾದಾಗ ಏನು ಮಾಡುತ್ತಾರೆಂದು ನೀನು ಮರೆತಿರಲಾರೆ: ಗೆದ್ದ ಬೋರ್ಡುಗಳ ಸಂಖ್ಯೆಗಳನ್ನು ಎರಡೂ ತಂಡಗಳು ಕೂಡಿಸಬೇಕು, ಯಾರ ಮೊತ್ತ ಕಡಿಮೆಯೋ ಅವರದು ಪಂದ್ಯ, ಏಕೆಂದರೆ ಮೇಲಿನ ಬೋರ್ಡುಗಳ ಗೆಲುವಿಗೆ ತೂಕ ಹೆಚ್ಚು. ನಮ್ಮದು ಮೂವತ್ತೊಂದು, ಅವರದು ಮೂವತ್ತೇಳು. ಡೆಸ್ಮಂಡ್ ಮಣಿಗಳನ್ನು ಒಂದೊಂದಾಗಿ ಸರಿಸಿ, 'ಮೇಷ್ಟ್ರೇ, ಈ ಸಲ ನಿಮ್ ಲೆಕ್ಕ ಸರಿಹೋಯ್ತು, ಮನೇಲಿ ಅಭ್ಯಾಸ ಮಾಡಿದ್ರಾ?' ಎಂದ.

ಸೆಮಿಫೈನಲ್ ಡರ್ಹ್ಯಾಮಿನ ಎದುರು. ಅಲ್ಲಿ ನಡೆದ ಒಂದು ಸಂಗತಿಯನ್ನು ನಾನು ಬಹಳ ದಿನ ಮರೆಯುವುದಿಲ್ಲ. ಟ್ಯಾಮ್ಸಿನ್‌ಳ ಎದುರಾಳಿ ಚಹಾ ತರಲು ಎದ್ದು ಹೋಗಿದ್ದರು. ಅವಳು ಕುದುರೆಯನ್ನು ನಡೆಸಲು ಕೈ ಚಾಚಿದಾಗ ಬೆರಳು ಆನೆಯ ಮೇಲೆ ಇಳಿಯಿತು, ಹಿಡಿದಳು, ಬಿಟ್ಟಳು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ. ಯಾರೂ ನೋಡಿರಲಿಲ್ಲ, ಎರಡು ಮೇಜು ಆಚೆಯಿಂದ ನಾನೊಬ್ಬ ನೋಡಿದ್ದೆ, ಅದು ಅವಳಿಗೆ ತಿಳಿದಿರಲಿಲ್ಲ. ಎದುರಾಳಿ ಬಟ್ಟಲು ಹಿಡಿದು ಮರಳಿದಾಗ ಅವಳು ಪಿಸುದನಿಯಲ್ಲಿ, 'ನೀವಿಲ್ದಾಗ ಆನೆ ಮುಟ್ಬಿಟ್ಟೆ, ಅದನ್ನೇ ನಡೆಸ್ತೀನಿ' ಎಂದು ಆನೆಯನ್ನೇ ನಡೆಸಿದಳು. ಅದರಿಂದ ಒಂದು ಒಂಟೆ ಹೋಯಿತು. ಮೂರು ಗಂಟೆ ಒದ್ದಾಡಿ ಡ್ರಾ ಉಳಿಸಿಕೊಂಡಳು. ನಾವು ಒಂಬತ್ತಕ್ಕೆ ಏಳರಲ್ಲಿ ಗೆದ್ದೆವು. ಹಿಂದಿರುಗುವ ದಾರಿಯಲ್ಲಿ ಕಾರಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಮಾತ್ರ ಮುಟ್ಟಿದ ಆನೆಯ ಬಗ್ಗೆ ಯೋಚಿಸುತ್ತಿದ್ದೆ.

ಮೊನ್ನೆ ಶನಿವಾರ ಎಸೆಕ್ಸ್ ಎದುರು ಫೈನಲ್, ಲೆಸ್ಟರಿನ ಒಂದು ಹೋಟೆಲಿನ ಸಭಾಂಗಣದಲ್ಲಿ. ಒಂದೂವರೆಗೆ ಗಡಿಯಾರಗಳು ಓಡತೊಡಗಿದವು. ಐದೂವರೆಯ ಹೊತ್ತಿಗೆ ಹದಿನೈದು ಆಟಗಳು ಮುಗಿದು ಅಂಕ ಏಳೂವರೆಗೆ ಏಳೂವರೆಯಾಗಿತ್ತು. ಉಳಿದದ್ದು ಹದಿನಾಲ್ಕನೇ ಬೋರ್ಡು, ಟ್ಯಾಮ್ಸಿನ್. ಮೂವತ್ತು ಜನ ಅವಳ ಮೇಜಿನ ಸುತ್ತ ನಿಂತಿದ್ದರು. ಎದುರಾಳಿ ಬಿಳಿ ಗಡ್ಡದ ಸೌಮ್ಯ ಮನುಷ್ಯ. ಅವಳ ಗಡಿಯಾರದಲ್ಲಿ ನಾಲ್ಕು ನಿಮಿಷ. ಅವರು ನಡೆ ನಡೆಸಿ, ಡ್ರಾ ಕೊಡುವುದಾಗಿ ಹೇಳಿದರು. ಅವಳು ಎದ್ದು ನನ್ನ ಮೇಜಿಗೆ ಬಂದಳು. 'ಮೇಷ್ಟ್ರೇ, ಡ್ರಾ ಕೊಡ್ತಿದಾರೆ. ತಗೊಳ್ಲಾ?'

ನಿನಗೆ ನಿಯಮ ಗೊತ್ತು. ನಾಯಕನು 'ತಗೋ' ಎನ್ನಬಹುದು, 'ಆಡು' ಎನ್ನಬಹುದು. ಆಟ ಹೇಗಿದೆಯೆಂದು ಒಂದು ಮಾತೂ ಆಡಕೂಡದು. ಆಗ ಅವನು ಬೋರ್ಡನ್ನು ನೋಡುವುದಲ್ಲ, ಅಂಕಪಟ್ಟಿಯನ್ನು ನೋಡಬೇಕು. ಆದರೆ ಹೆಸ್ಟರ್, ನಾನು ನೋಡಿದ್ದು ಅವಳ ಮುಖವನ್ನು. ಬಾಯಲ್ಲಿ ಮಿಠಾಯಿ ಇರಲಿಲ್ಲ, ಗುನುಗೂ ಇರಲಿಲ್ಲ. ಕಿವಿಯ ತುದಿಗಳು ಕೆಂಪಾಗಿದ್ದವು. ಇಷ್ಟು ಜನರ ನಡುವೆ ಈ ಮಗು ಸೋತರೆ ಏನಾಗಬಹುದೆಂಬ ಯೋಚನೆ ಬಂತು. ಕೌಂಟಿಯ ಇಡೀ ವರ್ಷ ಅವಳ ಹೆಗಲ ಮೇಲೆ ಬಿದ್ದಂತಾಗುತ್ತದೆ, ಇನ್ನೆಂದೂ ಗುರುವಾರ ಗ್ರಂಥಾಲಯಕ್ಕೆ ಬರದೇ ಹೋಗಬಹುದು. 'ತಗೋ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತಿನ ರುಚಿ ನನಗೆ ಪರಿಚಿತವಾಗಿತ್ತು.

ಆಗ ಕಣ್ಣಿಗೆ ಬಿದ್ದದ್ದು ಡೆಸ್ಮಂಡನ ಮಣಿಚೌಕಟ್ಟು. ನಾಚಿಕೆಯಾಯಿತು. ಪಟ್ಟಿಯನ್ನು ಎಳೆದುಕೊಂಡು ಕೂಡಿಸಿದೆ: ನಮ್ಮ ಗೆಲುವುಗಳು ಮೂರು, ಆರು, ಒಂಬತ್ತು, ಹದಿಮೂರು, ಹದಿನೈದು, ಒಟ್ಟು ನಲವತ್ತಾರು. ಅವರವು ಒಂದು, ಐದು, ಎಂಟು, ಹತ್ತು, ಹದಿನಾರು, ಒಟ್ಟು ನಲವತ್ತು. ಡ್ರಾ ಆದರೆ ಟ್ರೋಫಿ ಅವರದು. 'ಡ್ರಾ ಸಾಲದು. ಆಡು' ಎಂದೆ. ಅವಳು ಮುಗುಳ್ನಕ್ಕಳು. 'ಗೊತ್ತು, ನಲವತ್ತಾರು ನಲವತ್ತು. ಬರೋ ಮುಂಚೆನೇ ಕೂಡಿಸ್ಕೊಂಡೆ. ಆದ್ರೂ ನಿಮ್ಮ ಬಾಯಿಂದ ಕೇಳ್ಬೇಕಿತ್ತು' ಎಂದು ಹೋಗಿ ಕುಳಿತಳು.

ಅವಳು ಸೋತಳು. ಗೆಲುವಿಗಾಗಿ ಒಂದು ಕಾಲಾಳನ್ನು ಮುಂದೊತ್ತಿದಳು, ರಾಜನ ಬಾಗಿಲು ತೆರೆದುಕೊಂಡಿತು, ಹನ್ನೊಂದು ನಡೆಗಳಲ್ಲಿ ಎಲ್ಲ ಮುಗಿಯಿತು. ಅವರದು ಎಂಟೂವರೆ ಅಂಕ, ನಮ್ಮದು ಏಳೂವರೆ. ಸಭಾಂಗಣದಲ್ಲಿ ಎಸೆಕ್ಸಿನವರು ಚಪ್ಪಾಳೆ ತಟ್ಟಿದರು. ಟ್ಯಾಮ್ಸಿನ್ ಆ ಗಡ್ಡದವರ ಕೈ ಕುಲುಕಿ, ಗಡಿಯಾರ ನಿಲ್ಲಿಸಿ, ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತ ಕುಳಿತಳು. ಕಣ್ಣು ತುಂಬಿದ್ದು ನಿಜ. ತೋಳಿನಿಂದ ಒರೆಸಿಕೊಂಡಳು. ಹತ್ತು ನಿಮಿಷವಿರಬೇಕು, ಅಷ್ಟೇ. ಡೆಸ್ಮಂಡ್ ಚಹಾ ತಂದಿಟ್ಟು, 'ನಾನೂ ಸೋತಿದೀನಿ ಕಣಮ್ಮ, ಅದೂ ಇಪ್ಪತ್ತು ನಡೆಗೆ. ನನ್ ಕಡೆ ಯಾರೂ ತಿರುಗಿ ನೋಡ್ಲಿಲ್ಲ, ನಿಂಗೆ ನೋಡು ಎಷ್ಟು ಜನ' ಎಂದ. ಅವಳು ಚೀಸ್ ಸ್ಯಾಂಡ್‌ವಿಚ್ ಅರ್ಧ ತಿಂದು, ಕಾಯಿಗಳನ್ನು ಮತ್ತೆ ಜೋಡಿಸಿ ನನ್ನನ್ನು ಕರೆದಳು: 'ಮೇಷ್ಟ್ರೇ, ಇಲ್ಲಿ ಕುದುರೆ ಹಿಂದಕ್ಕೆ ತಂದಿದ್ರೆ?' ಗಡ್ಡದವರೂ ಕುರ್ಚಿ ಎಳೆದುಕೊಂಡರು. ಕುದುರೆಯನ್ನು ಹಿಂದಕ್ಕೆ ತಂದಿದ್ದರೆ ಅವಳು ಗೆಲ್ಲುತ್ತಿದ್ದಳು. ಅದು ಗೊತ್ತಾದಾಗ ಅವಳು ಗುನುಗಲಾರಂಭಿಸಿದಳು. ಈ ಗುರುವಾರ ಬೇಗ ಬರುತ್ತೇನೆಂದು ಹೇಳಿ ಅಪ್ಪನ ಜೊತೆ ಹೊರಟಳು.

ಇಷ್ಟು ವರ್ಷ ನಾನು ಯಾವುದಕ್ಕೆ ಹೆದರಿದ್ದೆನೋ ಅದು ನನ್ನ ಕಣ್ಣೆದುರೇ ನಡೆದುಹೋಯಿತು. ನಾನು ನಿಂತೇ ಇದ್ದೆ. ಯಾರೂ ನಾಶವಾಗಲಿಲ್ಲ.

ಪೆಟ್ಟಿಗೆಯಲ್ಲಿ ಕಾಯಿಗಳೆಲ್ಲ ಇವೆ. ಒಂದು ಬಿಳಿ ಕುದುರೆಯ ಕಿವಿ ಮುರಿದಿದೆ. ಅದು ನೀನು ಐದನೇ ವಯಸ್ಸಿನಲ್ಲಿ ಕಚ್ಚಿದ್ದು, ಹಾಗೆಯೇ ಬಿಟ್ಟಿದ್ದೇನೆ. ಕಾಯಿಗಳ ತಳಕ್ಕೆ ಹೊಸ ಹಸಿರು ಬಟ್ಟೆ ಅಂಟಿಸಿದವಳು ನಿನ್ನ ಅಮ್ಮ. ಎಮಿಲನಿಗೆ ಅವಸರ ಮಾಡದೆ ಕಲಿಸು, ಸೋತಾಗ ಸಮಾಧಾನ ಹೇಳಲು ಓಡಿಹೋಗಬೇಡ. ಅವನ ತಲೆ ಸವರಿ, ಇದು ಅಜ್ಜನ ಕೈಯೆಂದು ಹೇಳು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಆರೋಗ್ಯ, ನೆಮ್ಮದಿ ಇರಲಿ.

ನಿನ್ನ ಅಪ್ಪ,
ಅಲ್ವಿನ್

ತಾ.ಕ.: ಮೇರಿಯನ್ ಪೆಟ್ಟಿಗೆ ಕಟ್ಟಲು ದಾರ ಹಿಡಿದು ನಿಂತಿದ್ದಾಳೆ, ನಾಲ್ಕಕ್ಕೆ ಅಂಚೆ ಹೊರಡುತ್ತದೆ, ದಾರಿ ಸುತ್ತಿ ಬಂದರೂ ಆ ಮಾತನ್ನು ಮೇಲೆ ಬರೆಯಲಾಗಲಿಲ್ಲ. ಸ್ಟಾಫರ್ಡಿನಲ್ಲಿ ನೀನು ಹದಿಮೂರನೇ ಬೋರ್ಡಿನಿಂದ ಎದ್ದು ಬಂದು ಕೇಳಿದಾಗ ನಾನು 'ತಗೋ, ಸಾಕು' ಎಂದೆ. ಸಾಲಲಿಲ್ಲ, ಪಂದ್ಯ ಸಮವಾಗಿ ನಮ್ಮ ಮೊತ್ತ ನಲವತ್ತಮೂರು, ಅವರದು ನಲವತ್ತೊಂದು. ಕಾರಿನಲ್ಲಿ ನೀನು ಒಂದೇ ಸಲ ಕೇಳಿದೆ, 'ಅಪ್ಪಾ, ಕೂಡಿಸಿ ನೋಡಿದ್ಯಾ?' ಕೂಡಿಸಿದೆ, ತಪ್ಪಾಯಿತು ಎಂದೆ. ಅದನ್ನೇ ಎಲ್ಲರಿಗೂ ಹೇಳಿದೆ, ಅದಕ್ಕೇ ಮಣಿಚೌಕಟ್ಟು ಬಂತು. ನಾನು ಕೂಡಿಸಿರಲೇ ಇಲ್ಲ, ಹೆಸ್ಟರ್. ಪಟ್ಟಿ ಕೈಯಲ್ಲೇ ಇತ್ತು, ನೋಡಲಿಲ್ಲ. ನೀನು ಸೋಲುತ್ತೀಯೆಂದು ಹೆದರಿದೆ. ಅಂದಿನ ಆಟದ ನಡೆಗಳನ್ನು ನೀನು ಬರೆದ ಹಾಳೆ ಪೆಟ್ಟಿಗೆಯ ತಳದಲ್ಲಿದೆ, ನಿನ್ನೆ ಮತ್ತೆ ಆಡಿ ನೋಡಿದೆ. ನೀನು ಗೆಲ್ಲುತ್ತಿದ್ದೆ. ಶನಿವಾರದಿಂದ ಒಂದೇ ಯೋಚನೆ: ನನ್ನ ಹತ್ತಿರ ಬರುವ ಮೊದಲು ನೀನೂ ಕೂಡಿಸಿಕೊಂಡಿದ್ದೆಯಾ? ಭಾನುವಾರ ನಾನೇ ಫೋನ್ ಎತ್ತುತ್ತೇನೆ. ಅಮ್ಮನಿಗೆ ಕೊಡುವುದಿಲ್ಲ.